ಬದುವಿನ ಮರ ಬೆಳೆಯನ್ನು ತಿನ್ನುತ್ತಿದೆಯೇ?

ಪ್ರಶ್ನೆ: ನಮ್ಮದು ನಾಲ್ಕು ಎಕರೆ ಮಳೆಯಾಶ್ರಿತ ಹೊಲ. ದಕ್ಷಿಣ ಮತ್ತು ಪಶ್ಚಿಮದ ಬದುಗಳ ಮೇಲೆ ತಂದೆಯವರ ಕಾಲದ ಹನ್ನೊಂದು ಮರಗಳಿವೆ: ಆರು ಬೇವು, ಮೂರು ಹೊಂಗೆ, ಎರಡು ಜಾಲಿ. ಪೂರ್ವದ ಅಂಚಿನಲ್ಲಿ ಒಂಬತ್ತು ವರ್ಷಗಳ ಹಿಂದೆ ನಾನೇ ಒಂದು ಸಾಲು ನೀಲಗಿರಿ ಹಾಕಿದೆ. ಜೋಳ ಬಿತ್ತಿದರೂ ತೊಗರಿ ಬಿತ್ತಿದರೂ ಪ್ರತಿ ಮರದಿಂದ ಸುಮಾರು ಹತ್ತು ಹೆಜ್ಜೆಯವರೆಗೆ ಬೆಳೆ ಸೊರಗುತ್ತದೆ. ನೀಲಗಿರಿಯ ಕಡೆಯಂತೂ ಹದಿನೈದು ಹೆಜ್ಜೆಯವರೆಗೆ ಬಿತ್ತಿದ ಬೀಜದ ಖರ್ಚೂ ಹುಟ್ಟುವುದಿಲ್ಲ. ಎಲ್ಲವನ್ನೂ ಕಡಿಸಿ ಹಾಕೋಣ ಎಂಬುದು ಅಣ್ಣನ ಹಟ. ಬೇವಿನ ಬೇರು ಕಹಿ, ಅದು ನೆಲವನ್ನೇ ಕೆಡಿಸುತ್ತದೆ ಎಂದು ಕೆಲವರು ಹೇಳುತ್ತಾರೆ. ಮರ ಇದ್ದರೆ ಮಳೆ ಬರುತ್ತದೆ, ಕೊಳವೆಬಾವಿಯಲ್ಲಿ ನೀರು ಹೆಚ್ಚುತ್ತದೆ ಎಂದು ಇನ್ನು ಕೆಲವರು. ಮರವೇ ನೀರನ್ನು ಕುಡಿದು ಬಾವಿ ಬತ್ತಿಸುತ್ತದೆ ಎಂದು ಮತ್ತೆ ಕೆಲವರು. ಕಡಿದ ಮೇಲೆ ಪಶ್ಚಾತ್ತಾಪ ಪಡುವುದು ಬೇಡ ಎಂದು ಬರೆಯುತ್ತಿದ್ದೇನೆ. ನಿಜ ಯಾವುದು, ನಾನು ಏನು ಮಾಡಬೇಕು?

ಉತ್ತರ: ನೀವು ಹೊಲದ ನಕ್ಷೆಯನ್ನು ಕೈಯಲ್ಲೇ ಬರೆದು, ಯಾವ ಮರ ಯಾವ ದಿಕ್ಕಿಗಿದೆ ಎಂದು ಗುರುತು ಮಾಡಿ ಕಳುಹಿಸಿದ್ದೀರಿ. ಇಂಥ ಪ್ರಶ್ನೆಗಳಿಗೆ ಉತ್ತರಿಸುವವನಿಗೆ ದಿಕ್ಕು ಗೊತ್ತಾಗುವುದು ಬಹಳ ದೊಡ್ಡ ಸಹಾಯ. ಏಕೆ ಎಂಬುದು ಮುಂದೆ ತಿಳಿಯುತ್ತದೆ.

ನಿಮ್ಮ ಆತಂಕ ಹುಸಿಯಲ್ಲ ಎಂಬುದನ್ನು ಮೊದಲು ಹೇಳಬೇಕು. ಮರ ಮತ್ತು ಬೆಳೆ ಒಂದೇ ನೆಲದಲ್ಲಿ, ಒಂದೇ ಬಿಸಿಲಿನಲ್ಲಿ, ಒಂದೇ ಮಳೆಯ ನೀರಿನಲ್ಲಿ ಬದುಕುವಾಗ ಮರದ ಬುಡದಲ್ಲಿ ಬೆಳೆ ಕಡಿಮೆಯಾಗುವುದು ಸಹಜ. ಮರಗಳ ಪರವಾಗಿ ಮಾತನಾಡುವವರು ಈ ನಷ್ಟವನ್ನು ಮುಚ್ಚಿಟ್ಟು ಲಾಭವನ್ನಷ್ಟೇ ಹೇಳುವುದರಿಂದಲೇ ರೈತರಿಗೆ ಅವರ ಮಾತಿನ ಮೇಲೆ ನಂಬಿಕೆ ಹೋಗಿದೆ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಆದರೆ ನಷ್ಟ ಇದೆ ಎಂದು ಒಪ್ಪಿಕೊಂಡ ಮಾತ್ರಕ್ಕೆ ಕೊಡಲಿ ಎತ್ತಬೇಕಾಗಿಲ್ಲ. ನಷ್ಟ ಎಷ್ಟು, ಅದಕ್ಕೆ ಕಾರಣ ನೆರಳೋ, ನೀರೋ, ಗೊಬ್ಬರದ ಕೊರತೆಯೋ ಅಥವಾ ಮರಕ್ಕೆ ಸಂಬಂಧವೇ ಇಲ್ಲದ ಇನ್ನೇನೋ ಎಂಬುದನ್ನು ಮೊದಲು ಗುರುತಿಸಿಕೊಳ್ಳಬೇಕು, ಏಕೆಂದರೆ ಒಂದೊಂದು ಕಾರಣಕ್ಕೂ ಪರಿಹಾರ ಬೇರೆ, ಮತ್ತು ಆ ಪರಿಹಾರಗಳಲ್ಲಿ ಹೆಚ್ಚಿನವು ಮರವನ್ನು ಉಳಿಸಿಕೊಂಡೇ ಮಾಡುವಂಥವು.

ಲೆಕ್ಕದಿಂದಲೇ ಶುರು ಮಾಡೋಣ. ಹತ್ತು ಹೆಜ್ಜೆ ಎಂದರೆ ಸುಮಾರು 8 ಮೀಟರ್. ಮರ ಬದುವಿನ ಮೇಲಿರುವುದರಿಂದ ಅದರ ಪ್ರಭಾವದ ವೃತ್ತದಲ್ಲಿ ಅರ್ಧ ಮಾತ್ರ ನಿಮ್ಮ ಹೊಲದೊಳಗೆ ಬೀಳುತ್ತದೆ. 8 ಮೀಟರ್ ತ್ರಿಜ್ಯದ ಅರ್ಧ ವೃತ್ತದ ವಿಸ್ತಾರ ಸುಮಾರು 100 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಹನ್ನೊಂದು ಮರಕ್ಕೆ ಹನ್ನೊಂದು ಗುಂಟೆ. ನಾಲ್ಕು ಎಕರೆಗೆ 160 ಗುಂಟೆ. ಆ ಹನ್ನೊಂದು ಗುಂಟೆಯಲ್ಲಿ ಬೆಳೆ ಅರ್ಧಕ್ಕೆ ಇಳಿದಿದೆ ಎಂದುಕೊಂಡರೂ ನೀವು ಕಳೆದುಕೊಳ್ಳುತ್ತಿರುವುದು ಐದೂವರೆ ಗುಂಟೆಯ ಫಸಲು, ಒಟ್ಟು ಬೆಳೆಯ ನೂರಕ್ಕೆ ಮೂರೂವರೆ ಪಾಲಿಗಿಂತ ಕಡಿಮೆ. ಈಗ ನೀಲಗಿರಿಯ ಕಡೆ ನೋಡಿ. ಹದಿನೈದು ಹೆಜ್ಜೆಗೆ 12 ಮೀಟರ್ ಎಂದರೆ, ಸುಮಾರು 125 ಮೀಟರ್ ಉದ್ದದ ಆ ಅಂಚಿನಲ್ಲಿ 1,500 ಚದರ ಮೀಟರ್, ಹದಿನೈದು ಗುಂಟೆ, ಅದೂ ಬೆಳೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನುವ ಸ್ಥಿತಿಯಲ್ಲಿ. ಹನ್ನೊಂದು ಹಳೆಯ ಮರಗಳು ಸೇರಿ ತೆಗೆದುಕೊಂಡಿರುವುದರ ಎರಡು ಪಟ್ಟಿಗಿಂತಲೂ ಹೆಚ್ಚು ಫಸಲನ್ನು ಒಂಬತ್ತು ವರ್ಷದ ಒಂದೇ ಒಂದು ಸಾಲು ತೆಗೆದುಕೊಳ್ಳುತ್ತಿದೆ. ಅಣ್ಣನವರ ಸಿಟ್ಟಿಗೆ ಕಾರಣವಿದೆ, ಆದರೆ ಆ ಸಿಟ್ಟು ಬೇವಿನ ಮೇಲೂ ನೀಲಗಿರಿಯ ಮೇಲೂ ಸಮನಾಗಿ ಬೀಳುತ್ತಿರುವುದು ಸರಿಯಲ್ಲ.

ಈ ಲೆಕ್ಕದಲ್ಲಿ ಇನ್ನೊಂದು ತಿದ್ದುಪಡಿ ಬೇಕು. ಮರವೇ ಇಲ್ಲದ ನಿಮ್ಮ ಉತ್ತರದ ಬದುವಿನ ಪಕ್ಕದಲ್ಲಿ ಬೆಳೆ ಹೇಗಿದೆ ಎಂದು ನೀವು ಬರೆದಿಲ್ಲ. ಹೊಲದ ಅಂಚಿನಲ್ಲಿ ಟ್ರ್ಯಾಕ್ಟರ್ ತಿರುಗುತ್ತದೆ, ಗಾಲಿಯ ಭಾರಕ್ಕೆ ಮಣ್ಣು ಗಟ್ಟಿಯಾಗುತ್ತದೆ. ಬದು ಏರಿಸಲು ಮೇಲ್ಮಣ್ಣನ್ನು ಅಲ್ಲಿಂದಲೇ ಕೆರೆದಿರುತ್ತಾರೆ. ದನ ಓಡಾಡುವುದೂ ಅಲ್ಲೇ. ಒಮ್ಮೆ ಒಬ್ಬ ರೈತರು ಬೇವಿನ ಮರದ ಕೆಳಗೆ ಏನೂ ಬೆಳೆಯುವುದಿಲ್ಲ ಎಂದು ನನ್ನನ್ನು ಹೊಲಕ್ಕೆ ಕರೆದೊಯ್ದಿದ್ದರು. ಮರದ ಬುಡದಿಂದ ನಾಲ್ಕು ಮೀಟರ್ ದೂರದಲ್ಲಿ ಹಾರೆ ಹಾಕಿದರೆ ಒಂದು ಗೇಣಿನ ಕೆಳಗೆ ಕಲ್ಲಿಗೆ ಬಡಿದಂಥ ಸದ್ದು; ಕಿತ್ತು ತೆಗೆದ ಹೆಂಟೆ ಹಲಗೆಯಂತೆ ಪದರ ಪದರವಾಗಿ ಬಿಚ್ಚಿಕೊಂಡಿತು, ಜೋಳದ ಬೇರು ಅದರ ಮೇಲ್ಮೈಯಲ್ಲಿ ಅಡ್ಡಡ್ಡ ಹರಿದಿತ್ತೇ ಹೊರತು ಒಳಗಿಳಿದಿರಲಿಲ್ಲ. ಮಧ್ಯಾಹ್ನದ ನೆರಳಿಗೆಂದು ಎಷ್ಟೋ ವರ್ಷ ದನಗಳನ್ನು ಅದೇ ಜಾಗದಲ್ಲಿ ಕಟ್ಟುತ್ತಿದ್ದರಂತೆ. ಆ ಮರವನ್ನು ಕಡಿದಿದ್ದರೆ ಬೆಳೆ ಸುಧಾರಿಸುತ್ತಿರಲಿಲ್ಲ. ಆದ್ದರಿಂದ ಮರವಿರುವ ಅಂಚನ್ನು ಹೊಲದ ನಡುವಿನ ಬೆಳೆಯೊಂದಿಗಲ್ಲ, ಮರವಿಲ್ಲದ ಅಂಚಿನೊಂದಿಗೆ ಹೋಲಿಸಿ ನೋಡಬೇಕು.

ಇನ್ನು ಕೇಳಿಬಂದ ಮಾತುಗಳ ವಿಚಾರ. ಬೇವಿನ ಬೇರು ನೆಲಕ್ಕೆ ವಿಷ ಎಂಬುದಕ್ಕೆ ಆಧಾರವಿಲ್ಲ. ಬೇವಿನ ಹಿಂಡಿಯನ್ನು ಗೊಬ್ಬರವಾಗಿ ಹೊಲಕ್ಕೆ ಹಾಕುತ್ತೇವೆ ಎಂಬುದನ್ನು ನೆನೆಸಿಕೊಂಡರೆ ಸಾಕು. ಒಂದು ಗಿಡ ಇನ್ನೊಂದನ್ನು ರಾಸಾಯನಿಕದಿಂದ ತಡೆಯುವುದು ಸುಳ್ಳು ಕಥೆಯಲ್ಲ. ಅಮೆರಿಕದ ಕಪ್ಪು ಅಕ್ರೋಟು ಮರ ಜುಗ್ಲೋನ್ ಎಂಬ ವಸ್ತುವನ್ನು ಉತ್ಪಾದಿಸುತ್ತದೆ, ಅದರ ಬೇರಿನ ವಲಯದಲ್ಲಿ ಟೊಮ್ಯಾಟೊದಂಥ ಗಿಡಗಳು ಬಾಡುತ್ತವೆ ಎಂಬುದು ಬಹಳ ಹಿಂದಿನಿಂದ ತಿಳಿದ ವಿಷಯ. ನೀಲಗಿರಿ ಎಲೆಯ ರಸ ಬೀಜ ಮೊಳೆಯುವುದನ್ನು ಕುಂಠಿತಗೊಳಿಸುವುದನ್ನೂ ಪ್ರಯೋಗಾಲಯಗಳಲ್ಲಿ ತೋರಿಸಿದ್ದಾರೆ. ಆದರೆ ತಟ್ಟೆಯಲ್ಲಿಟ್ಟ ಬೀಜದ ಮೇಲೆ ಸುರಿದ ಗಟ್ಟಿ ರಸವೂ, ಮಳೆಯಲ್ಲಿ ತೊಳೆದು ಮಣ್ಣಿನಲ್ಲಿ ಕೊಳೆತುಹೋಗುವ ಎಲೆಯೂ ಒಂದೇ ಅಲ್ಲ. ಹೊಲದಲ್ಲಿ ಕಾಣುವ ನಷ್ಟದ ಬಹುಪಾಲಿಗೆ ನೀರು ಮತ್ತು ಬೆಳಕಿನ ಪೈಪೋಟಿಯೇ ಸಾಕಷ್ಟು ಕಾರಣ ಕೊಡುತ್ತದೆ.

ಹನ್ನೊಂದು ಮರ ನಿಮ್ಮ ಹೊಲಕ್ಕೆ ಮಳೆ ತರುವುದಿಲ್ಲ. ಸಾವಿರಾರು ಚದರ ಕಿಲೋಮೀಟರ್ ಹರಡಿದ ಕಾಡು ತಾನು ಹೊರಬಿಟ್ಟ ಆವಿಯಿಂದ ಗಾಳಿ ಬೀಸುವ ದಿಕ್ಕಿನ ನಾಡಿಗೆ ಮಳೆ ಒದಗಿಸುವುದು ಬೇರೆ ವಿಷಯ, ಬದುವಿನ ಸಾಲು ಬೇರೆ ವಿಷಯ. ಮರ ನೆಡಿಸುವ ಉತ್ಸಾಹದಲ್ಲಿ ಈ ಮಾತನ್ನು ರೈತರಿಗೆ ಹೇಳುವುದನ್ನು ನಾವು ನಿಲ್ಲಿಸಬೇಕು.

ಅಂತರ್ಜಲದ ಪ್ರಶ್ನೆ ಇಷ್ಟು ಸರಳವಲ್ಲ, ಇಲ್ಲಿ ಸ್ವಲ್ಪ ನಿಲ್ಲಬೇಕು. ಮರ ನೀರನ್ನು ಎರಡು ರೀತಿಯಲ್ಲಿ ಕಳೆಯುತ್ತದೆ: ಬಿದ್ದ ಮಳೆಯಲ್ಲಿ ಒಂದಿಷ್ಟು ಎಲೆಗಳ ಮೇಲೆಯೇ ನಿಂತು ಆವಿಯಾಗುತ್ತದೆ, ಬೇರು ಹೀರಿದ್ದು ಎಲೆಯ ಮೂಲಕ ಹೊರಹೋಗುತ್ತದೆ. ಒಂದು ರೀತಿಯಲ್ಲಿ ನೀರನ್ನು ಉಳಿಸುತ್ತದೆ: ಉದುರಿದ ಎಲೆ, ಅದನ್ನು ತಿನ್ನಲು ಬರುವ ಎರೆಹುಳು ಮತ್ತು ಗೆದ್ದಲು, ಕೊಳೆತ ಬೇರು ಬಿಟ್ಟುಹೋದ ರಂಧ್ರಗಳು, ಇವೆಲ್ಲ ಸೇರಿ ಮರದ ಸುತ್ತಲ ಮಣ್ಣನ್ನು ಸಡಿಲಗೊಳಿಸಿ, ಹೊಲದಿಂದ ಹರಿದು ಹೋಗಬೇಕಾಗಿದ್ದ ಮಳೆಯನ್ನು ಒಳಕ್ಕೆ ಇಳಿಸುತ್ತವೆ. ಇವೆರಡರಲ್ಲಿ ಯಾವುದು ಮೇಲುಗೈ ಎಂಬುದು ಮರಗಳ ಸಂಖ್ಯೆಯನ್ನು ಅವಲಂಬಿಸಿದೆ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಹೊಲಗಳಲ್ಲಿ ಅಳೆದು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಅಂಥ ಒಣ ಹವೆಯ ಪ್ರದೇಶದಲ್ಲಿ ಮರವೇ ಇಲ್ಲದ ಬಯಲಿಗಿಂತಲೂ ಮರ ದಟ್ಟವಾದ ಜಾಗಕ್ಕಿಂತಲೂ ಅಲ್ಲೊಂದು ಇಲ್ಲೊಂದು ಮರವಿರುವ ಹೊಲದಲ್ಲಿಯೇ ಹೆಚ್ಚು ನೀರು ಆಳಕ್ಕೆ ಇಳಿಯುತ್ತದೆ. ನಾಲ್ಕು ಎಕರೆಗೆ ಹನ್ನೊಂದು ಮರ ಎಂಬುದು ಈ ಅರ್ಥದಲ್ಲಿ ವಿರಳವೇ. ಅವು ನಿಮ್ಮ ಕೊಳವೆಬಾವಿಯನ್ನು ಬತ್ತಿಸುತ್ತವೆ ಎಂಬ ಭಯ ಬೇಡ, ತುಂಬಿಸುತ್ತವೆ ಎಂಬ ನಿರೀಕ್ಷೆಯೂ ಬೇಡ.

ನೀಲಗಿರಿಯ ಮಾತು ಬೇರೆ. ಕರ್ನಾಟಕದ ಕೆಲವು ಸ್ಥಳಗಳಲ್ಲಿ ಬ್ರಿಟಿಷ್ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಮಾಡಿದ ಅಳತೆಗಳು ಈ ವಿಷಯದಲ್ಲಿ ಇಂದಿಗೂ ಮುಖ್ಯ ಆಧಾರ. ಮಧ್ಯಮ ಆಳದ ಮಣ್ಣಿದ್ದ ಕಡೆ ನೀಲಗಿರಿ ತೋಪು ಕುಡಿದ ನೀರು ಸ್ಥಳೀಯ ಕಾಡಿಗಿಂತ ಹೆಚ್ಚೇನೂ ಇರಲಿಲ್ಲ. ಆದರೆ ಆಳವಾದ ಮಣ್ಣಿದ್ದ ಹೊಸಕೋಟೆಯಲ್ಲಿ ಎಳೆಯ ನೀಲಗಿರಿ ತೋಪು, ಅಳತೆ ಮಾಡಿದ ವರ್ಷಗಳಲ್ಲಿ ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಬಳಸಿತ್ತು. ಬೇರುಗಳು ವರ್ಷದಿಂದ ವರ್ಷಕ್ಕೆ ಹೊಸ ಆಳಕ್ಕೆ ಇಳಿದು ಹಿಂದಿನ ಮಳೆಗಾಲಗಳಲ್ಲಿ ಮಣ್ಣಿನಲ್ಲಿ ಕೂಡಿಟ್ಟಿದ್ದ ತೇವವನ್ನು ಖಾಲಿ ಮಾಡುತ್ತಿದ್ದವು. ನೀಲಗಿರಿಯನ್ನು ರಾಕ್ಷಸ ಎನ್ನುವವರೂ ನಿರಪರಾಧಿ ಎನ್ನುವವರೂ ಈ ಒಂದೇ ಅಧ್ಯಯನದಿಂದ ತಮಗೆ ಬೇಕಾದ ಅರ್ಧವನ್ನು ಎತ್ತಿ ಹೇಳುತ್ತಾರೆ. ನಿಮ್ಮ ಹೊಲದ ಮಣ್ಣು ಆಳವಾಗಿದೆ ಎಂದು ಬರೆದಿದ್ದೀರಿ. ಆಗ ಎರಡನೆಯ ಅರ್ಧವೇ ನಿಮಗೆ ಅನ್ವಯಿಸುತ್ತದೆ.

ಮರ ನೀರನ್ನು ಕುಡಿಯುವುದು ಯಾವಾಗಲೂ ಕೆಡುಕೇ ಎಂದುಕೊಳ್ಳಬಾರದು. ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಸೀಮೆಯಲ್ಲಿ ಸ್ಥಳೀಯ ಮರಗಿಡಗಳನ್ನು ತೆಗೆದು ವರ್ಷಕ್ಕೊಂದು ಬೆಳೆ ಹಾಕತೊಡಗಿದಾಗ, ಬೇರು ಹೀರದೆ ಉಳಿದ ನೀರು ಕೆಳಗಿಳಿದು, ಅಂತರ್ಜಲದ ಮಟ್ಟ ಏರಿ, ಆಳದಲ್ಲಿ ಯುಗಗಳಿಂದ ಮಲಗಿದ್ದ ಉಪ್ಪು ಹೊಲದ ಮೇಲ್ಮೈಗೆ ಬಂತು. ಇದನ್ನು 1924ರಲ್ಲೇ ಬರೆದು ಎಚ್ಚರಿಸಿದವರು ಡಬ್ಲ್ಯೂ. ಇ. ವುಡ್ ಎಂಬ ರೈಲ್ವೆ ಎಂಜಿನಿಯರು. ಇಂದು ಅಲ್ಲಿ ಹತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು ಭೂಮಿ ಸವುಳಾಗಿದೆ. ನಿಮ್ಮ ಹೊಲಕ್ಕೆ ಈ ಅಪಾಯವಿದೆ ಎಂದು ನಾನು ಹೇಳುತ್ತಿಲ್ಲ. ಒಂದು ಮರವನ್ನು ತೆಗೆದಾಗ ಅದು ಮಾಡುತ್ತಿದ್ದ ಕೆಲಸವೂ ಅದರ ಜೊತೆಗೇ ಹೋಗುತ್ತದೆ, ಆ ಕೆಲಸ ಏನೆಂದು ಕಡಿಯುವ ಮುಂಚೆ ಕೇಳಿಕೊಳ್ಳಬೇಕು ಎಂಬುದಕ್ಕಾಗಿ ಹೇಳಿದೆ.

ನಿಮ್ಮ ಹನ್ನೊಂದು ಮರಗಳು ಮಾಡುತ್ತಿರುವ ಕೆಲಸ ಏನು? ದಕ್ಷಿಣದ ಬದು ಇಳಿಜಾರಿನ ಕೆಳ ಅಂಚು ಎಂದು ನಿಮ್ಮ ನಕ್ಷೆ ಹೇಳುತ್ತದೆ. ಅಲ್ಲಿ ಬೇವು ಮತ್ತು ಹೊಂಗೆಯ ಬೇರು ಬದುವಿನ ಮಣ್ಣನ್ನು ಹಿಡಿದಿಟ್ಟಿದೆ. ಪಶ್ಚಿಮದ ಸಾಲು ಮಳೆಗಾಲದ ಬಿರುಗಾಳಿಗೆ ಅಡ್ಡ ನಿಂತಿದೆ. ಗಾಳಿತಡೆಯ ಪ್ರಭಾವ ಮರದ ಎತ್ತರದ ಹತ್ತು ಪಟ್ಟು ದೂರದವರೆಗೆ ಚೆನ್ನಾಗಿಯೇ ಇರುತ್ತದೆ, ಇಪ್ಪತ್ತು ಪಟ್ಟಿನವರೆಗೂ ಸ್ವಲ್ಪಮಟ್ಟಿಗೆ ಸಿಗುತ್ತದೆ. 8 ಮೀಟರ್ ಎತ್ತರದ ಮರಗಳಾದರೆ 80 ಮೀಟರಿನವರೆಗೆ. ಅಮೆರಿಕದ ಬಯಲು ನಾಡಿನಲ್ಲಿ ಧೂಳಿನ ಬಿರುಗಾಳಿಗಳು ಹೊಲಗಳನ್ನೇ ಹೊತ್ತೊಯ್ದ ಮೇಲೆ, 1934ರಿಂದ 1942ರವರೆಗೆ ಸುಮಾರು 22 ಕೋಟಿ ಮರಗಳನ್ನು ಸಾಲುಗಳಾಗಿ ನೆಡಿಸಿದ್ದು ಈ ಒಂದು ಉಪಯೋಗಕ್ಕಾಗಿ. ಆದರೆ ಗಾಳಿ ಅರ್ಧ ತೂರಿಹೋಗುವಷ್ಟು ಸಂದು ಇರಬೇಕು; ಗೋಡೆಯಂತೆ ದಟ್ಟವಾದ ಸಾಲಿನ ಹಿಂದೆ ಗಾಳಿ ಸುಳಿಯಾಗಿ ಬೆಳೆಯನ್ನು ಮಲಗಿಸುತ್ತದೆ. ಇಪ್ಪತ್ತಕ್ಕೂ ಹೆಚ್ಚು ಮೀಟರ್ ಅಂತರದಲ್ಲಿರುವ ನಿಮ್ಮ ಮರಗಳು ಪೂರ್ಣ ಗಾಳಿತಡೆ ಅಲ್ಲ, ಆ ಲಾಭವನ್ನು ನಾನು ಹಿಗ್ಗಿಸಿ ಹೇಳಲಾರೆ. ಇದಲ್ಲದೆ, ಬದುವಿನ ಮರದ ಕೊಂಬೆಯಲ್ಲಿ ಕುಳಿತು ತೊಗರಿಯ ಸಾಲಿನ ಮೇಲೆ ಎರಗಿ ಹುಳು ಹೆಕ್ಕುವ ಕಾಜಾಣವನ್ನು ನೀವು ದಿನವೂ ನೋಡುತ್ತಿರಬಹುದು. ಅದೇ ಕೊಂಬೆಯಿಂದ ಗಿಳಿ ಮತ್ತು ಗುಬ್ಬಚ್ಚಿ ಜೋಳದ ತೆನೆಗೆ ಇಳಿಯುವುದೂ ನಿಜ.

ಹೊಂಗೆ ಮತ್ತು ಜಾಲಿ ಗಾಳಿಯ ಸಾರಜನಕವನ್ನು ಹಿಡಿದಿಡುವ ಜಾತಿಗಳು, ಬೇವು ಅಲ್ಲ. ಈ ಮರಗಳು ಪಕ್ಕದಲ್ಲಿ ನಿಂತ ಮಾತ್ರಕ್ಕೆ ಬೆಳೆಗೆ ಸಾರಜನಕ ಸಿಗುತ್ತದೆ ಎಂಬ ಕಲ್ಪನೆ ತಪ್ಪು. ಬಹುಪಾಲು ಅದು ಎಲೆ ಉದುರಿ, ಬೇರು ಸತ್ತು ಕೊಳೆತ ಮೇಲೆ ಸಿಗುವಂಥದ್ದು. ಎಲೆಯನ್ನು ಗುಡಿಸಿ ಸುಟ್ಟರೆ ಅದರಲ್ಲಿದ್ದ ಸಾರಜನಕ ಹೊಗೆಯಲ್ಲಿ ಹೋಗುತ್ತದೆ. ನಿಮ್ಮ ಪತ್ರದಲ್ಲಿ 'ಬೇಸಿಗೆಯಲ್ಲಿ ಬದು ಸುಟ್ಟು ಸ್ವಚ್ಛ ಮಾಡುತ್ತೇವೆ' ಎಂಬ ಸಾಲು ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಮರದಿಂದ ಬೆಳೆಗೆ ಲಾಭವೇ ಆಗುವ ಉದಾಹರಣೆಗಳು ಎಲ್ಲಿಂದ ಬಂದವು ಎಂದು ನೀವು ಕೇಳಬಹುದು. ಆಫ್ರಿಕಾದ ಫೈಡರ್ಬಿಯಾ ಎಂಬ ಜಾಲಿಯ ಬಂಧು ಮಳೆಗಾಲ ಬಂದಾಗ ಎಲೆ ಉದುರಿಸಿ ಬೇಸಿಗೆಯಲ್ಲಿ ಚಿಗುರುತ್ತದೆ. ಬೆಳೆ ಹೊಲದಲ್ಲಿರುವಾಗ ಮರಕ್ಕೆ ನೆರಳೂ ಇಲ್ಲ, ನೀರಿನ ಹಸಿವೂ ಕಡಿಮೆ, ಉದುರಿದ ಎಲೆ ಮಾತ್ರ ಬೆಳೆಗೆ. ಅದರ ಕೆಳಗೆ ಸಜ್ಜೆ ಮತ್ತು ಜೋಳ ಬಯಲಿಗಿಂತ ಚೆನ್ನಾಗಿ ಬರುವುದು ಇದರಿಂದ. ರಾಜಸ್ಥಾನದ ಒಣ ನೆಲದಲ್ಲಿ ಸಜ್ಜೆಯ ಹೊಲದ ನಡುವೆಯೇ ಬನ್ನಿ ಮರಗಳನ್ನು ಬಿಟ್ಟುಕೊಂಡಿರುತ್ತಾರೆ. ಅದರ ತಾಯಿಬೇರು ನೆಟ್ಟಗೆ ಆಳಕ್ಕೆ ಇಳಿಯುತ್ತದೆ, ಎಲೆಯೂ ಸಣ್ಣದು. ಒಂದು ಮರ ಹೊಲಕ್ಕೆ ಒಗ್ಗುತ್ತದೆಯೇ ಎಂಬುದು ಅದು ಯಾವ ತಿಂಗಳಲ್ಲಿ ಎಲೆ ಹೊತ್ತಿರುತ್ತದೆ, ಬೇರು ಅಡ್ಡ ಹರಡುತ್ತದೆಯೋ ನೆಟ್ಟಗೆ ಇಳಿಯುತ್ತದೆಯೋ ಎಂಬ ಇಂಥ ಗುಣಗಳ ಮೇಲೆ ನಿಂತಿದೆ. ನಿಮ್ಮ ಬೇವು ಮತ್ತು ಹೊಂಗೆ ಮಳೆಗಾಲದಲ್ಲಿ ಎಲೆ ತುಂಬಿಕೊಂಡಿರುತ್ತವೆ, ಆದ್ದರಿಂದ ಅವುಗಳಿಂದ ಫೈಡರ್ಬಿಯಾದ ಫಲ ನಿರೀಕ್ಷಿಸಬಾರದು.

ಈಗ ನಿಮ್ಮ ಹೊಲದಲ್ಲಿ ಕಾರಣ ಗುರುತಿಸುವುದು ಹೇಗೆಂದು ನೋಡೋಣ. ನೆರಳಿನ ಲೆಕ್ಕಕ್ಕೆ ದಿಕ್ಕು ಬೇಕಾಗುವುದು ಇಲ್ಲೇ. ಭೂಮಧ್ಯರೇಖೆಯಿಂದ 15 ಡಿಗ್ರಿ ಉತ್ತರಕ್ಕಿರುವ ಹೊಲದಲ್ಲಿ 10 ಮೀಟರ್ ಎತ್ತರದ ಮರದ ನಡುಮಧ್ಯಾಹ್ನದ ನೆರಳು ಜೂನ್ ಕೊನೆಯಲ್ಲಿ ಒಂದೂವರೆ ಮೀಟರಿನಷ್ಟು ದಕ್ಷಿಣಕ್ಕೆ ಬೀಳುತ್ತದೆ. ಡಿಸೆಂಬರ್ ಕೊನೆಯಲ್ಲಿ ಅದೇ ನೆರಳು ಸುಮಾರು 8 ಮೀಟರ್ ಉತ್ತರಕ್ಕೆ ಚಾಚುತ್ತದೆ. ನಿಮ್ಮ ದಕ್ಷಿಣದ ಬದುವಿನ ಮರಗಳು ಮುಂಗಾರಿನಲ್ಲಿ ಕೊಂಬೆಯ ನೇರ ಕೆಳಗೆ ಬಿಟ್ಟರೆ ಹೊಲಕ್ಕೆ ಹೆಚ್ಚು ನೆರಳು ಕೊಡುವುದಿಲ್ಲ, ಹಿಂಗಾರಿನಲ್ಲಿ ಹೊಲದೊಳಕ್ಕೇ ನೆರಳು ಹಾಕುತ್ತವೆ. ಹಾಗಾಗಿ ಆ ಬದುವಿನಲ್ಲಿ ಹಿಂಗಾರಿ ಜೋಳ ಮಾತ್ರ ಸೊರಗುತ್ತಿದ್ದರೆ ಮೊದಲ ಅನುಮಾನ ನೆರಳಿನ ಮೇಲೆ, ಮುಂಗಾರಿನ ಬೆಳೆಯೂ ಕೊಂಬೆಯಿಂದಾಚೆಗೆ ಅಷ್ಟೇ ಸೊರಗುತ್ತಿದ್ದರೆ ಅನುಮಾನ ಬೇರಿನ ಮೇಲೆ. ನೆರಳಿನಲ್ಲಿ ಬೆಳೆದ ಜೋಳ ಸಣಕಲಾಗಿ, ಗೆಣ್ಣಿನ ನಡುವೆ ಉದ್ದವಾಗಿ, ಬಿಳಿಚಿಕೊಂಡು ಮೇಲೇಳುತ್ತದೆ. ನೀರಿನ ಕೊರತೆಯಾದರೆ ಗಿಡ ಗಿಡ್ಡವಾಗಿಯೇ ಉಳಿದು, ಹೊಲದ ನಡುವಿನ ಗಿಡಕ್ಕಿಂತ ಮುಂಚೆ, ಬೆಳಗಿನ ಹತ್ತು ಗಂಟೆಗೇ ಎಲೆ ಸುರುಳಿ ಸುತ್ತುತ್ತದೆ. ಒಳ್ಳೆಯ ಮಳೆಯಾದ ಮೇಲೂ ಕೆಳಗಿನ ಹಳೆಯ ಎಲೆಗಳು ತುದಿಯಿಂದ ಹಳದಿಯಾಗುತ್ತಿದ್ದರೆ ಸಾರಜನಕ ಸಾಲದು ಎಂದರ್ಥ. ಮಳೆ ಬಂದ ಐದಾರು ದಿನಗಳ ಮೇಲೆ ಮರದಿಂದ ಎರಡು, ಆರು ಮತ್ತು ಹನ್ನೆರಡು ಮೀಟರ್ ದೂರದಲ್ಲಿ ಒಂದು ಮೊಳ ಆಳದ ಗುಂಡಿ ತೆಗೆದು, ತಳದ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ನೋಡಿ. ಒಂದು ಕಡೆ ಉಂಡೆ ಕಟ್ಟಿ ಇನ್ನೊಂದು ಕಡೆ ಪುಡಿಯಾಗಿ ಉದುರಿದರೆ ನಿಮಗೆ ಯಂತ್ರದ ಅಳತೆ ಬೇಕಾಗುವುದಿಲ್ಲ.

ಕಾರಣ ನೆರಳಾದರೆ ಕೊಂಬೆ ಸವರುವುದು ಮದ್ದು. ಬೇವು, ಹೊಂಗೆ ಎರಡೂ ಸವರುವುದನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ಬಿತ್ತನೆಗೆ ಮುಂಚೆ, ಹೊಲದ ಕಡೆ ಬಾಗಿದ ಕೆಳಕೊಂಬೆಗಳನ್ನು ತೆಗೆದು ನೆಲದಿಂದ ಮೂರು ನಾಲ್ಕು ಮೀಟರಿನವರೆಗೆ ಕಾಂಡವನ್ನು ಬರಿದಾಗಿಸಿ, ಒಂದು ವರ್ಷದಲ್ಲಿ ಒಟ್ಟು ಹಂದರದ ಮೂರನೇ ಒಂದು ಪಾಲನ್ನು ಮೀರಬೇಡಿ. ದಪ್ಪ ಕೊಂಬೆಗೆ ಮೊದಲು ಕೆಳಗಿನಿಂದ ಗರಗಸದ ಒಂದು ಗಾಯ ಮಾಡಿ ಆಮೇಲೆ ಮೇಲಿನಿಂದ ಕೊಯ್ಯಬೇಕು, ಇಲ್ಲದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಸೀಳಿಕೊಂಡೇ ಬೀಳುತ್ತದೆ. ಕೊಂಬೆ ಕಾಂಡವನ್ನು ಸೇರುವಲ್ಲಿ ಕತ್ತಿನಂತೆ ಉಬ್ಬಿದ ಭಾಗವಿರುತ್ತದೆ. ಅದನ್ನು ಉಳಿಸಿ ಅದರ ಹೊರಗೆ ಕೊಯ್ದರೆ ಗಾಯ ತಾನಾಗಿ ಮುಚ್ಚುತ್ತದೆ, ಮೋಟು ಬಿಟ್ಟರೆ ಅಲ್ಲಿಂದ ಕೊಳೆ ಒಳಗಿಳಿಯುತ್ತದೆ. ಸವರಿದ ಸೊಪ್ಪನ್ನು ಅದೇ ಅಂಚಿನ ಸಾಲುಗಳಿಗೆ ಹಾಸಿ. ಇದರಲ್ಲಿ ಅಪಾಯ ಕಡಿಮೆ, ಖರ್ಚು ಕೂಲಿಯದು ಮಾತ್ರ, ಆದರೆ ಎರಡು ಮೂರು ವರ್ಷಕ್ಕೊಮ್ಮೆ ಮಾಡುತ್ತಲೇ ಇರಬೇಕು.

ಕಾರಣ ಬೇರಾದರೆ ಹಳ್ಳ ತೋಡಿ ಬೇರು ಕತ್ತರಿಸುವುದು ಉಪಾಯ. ಬೆಳೆಯೊಂದಿಗೆ ಸೆಣಸುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಅರ್ಧ ಮೀಟರಿನಲ್ಲೇ ಇರುವುದರಿಂದ, ಬದುವಿಗೆ ಸಮಾನಾಂತರವಾಗಿ ಮುಕ್ಕಾಲರಿಂದ ಒಂದು ಮೀಟರ್ ಆಳದ ಕಿರಿದಾದ ಹಳ್ಳ ಸಾಕು. ಆದರೆ ದೊಡ್ಡ ಮರಕ್ಕೆ ಇದನ್ನು ಮಾಡುವಾಗ ಎಚ್ಚರ ಬೇಕು: ಕಾಂಡದ ಅಡ್ಡಳತೆಯ ಕನಿಷ್ಠ ಆರು ಪಟ್ಟು ದೂರ ಬಿಡಬೇಕು, ಅರ್ಧ ಮೀಟರ್ ದಪ್ಪದ ಬೇವಿಗೆ ಮೂರು ಮೀಟರ್, ಹೊಲದ ಕಡೆಯ ಒಂದೇ ಬದಿಗೆ ತೋಡಬೇಕು, ಸುತ್ತ ಅಲ್ಲ. ಗಾಳಿ ಎದುರಾಗುವ ಕಡೆಯ ಬೇರು ಮರಕ್ಕೆ ಲಂಗರು ಇದ್ದಂತೆ, ಅದನ್ನು ಕಡಿದರೆ ಮುಂದಿನ ಬಿರುಗಾಳಿಗೆ ಮರ ಬೀಳುತ್ತದೆ. ಹಳ್ಳವನ್ನು ತೆರೆದೇ ಬಿಟ್ಟರೆ ಅದು ಮಳೆಯ ನೀರನ್ನೂ ಹಿಡಿಯುತ್ತದೆ, ಆದರೆ ಇಳಿಜಾರಿನ ಉದ್ದಕ್ಕೂ ತೋಡಿದರೆ ಕೊರಕಲಾಗುವ ಭಯವಿದೆ. ಅದಕ್ಕೆ ಐದಾರು ಮೀಟರಿಗೊಂದು ಮಣ್ಣಿನ ತಡೆ ಉಳಿಸಿಕೊಳ್ಳಿ. ಬೇರು ಎರಡು ಮೂರು ವರ್ಷದಲ್ಲಿ ಮತ್ತೆ ಬರುತ್ತದೆ.

ಇವೆರಡೂ ಬೇಡವೆನಿಸಿದರೆ ಆ ಅಂಚಿನಲ್ಲಿ ಬೆಳೆ ಬದಲಿಸಬಹುದು. ಜೋಳ, ಸಜ್ಜೆ, ಮೆಕ್ಕೆಜೋಳ ಪೂರ್ಣ ಬಿಸಿಲನ್ನು ಬೇಡುವ ಬೆಳೆಗಳು. ಮೇವಿನ ಹುಲ್ಲು, ಹುರುಳಿ, ಅರಿಸಿನದಂಥವು ಒಂದಿಷ್ಟು ನೆರಳು ಸಹಿಸುತ್ತವೆ, ಅವುಗಳಲ್ಲಿ ನೀರಾವರಿಯಿಲ್ಲದ ನಿಮಗೆ ಮೇವು ಮತ್ತು ಹುರುಳಿ ಮಾತ್ರ ಸಲ್ಲುತ್ತವೆ.

ಎಲ್ಲವನ್ನೂ ಕಡಿಯುವುದು ಕೊನೆಯ ಆಯ್ಕೆ, ಅದರ ಪರಿಣಾಮವನ್ನೂ ತಿಳಿದಿರಬೇಕು. ಕಡಿದ ಮರುವರ್ಷ ಆ ಜಾಗದಲ್ಲಿ ಬೆಳೆ ಸೊಗಸಾಗಿ ಬರಬಹುದು, ಏಕೆಂದರೆ ಬಹುವರ್ಷಗಳ ಎಲೆಗೊಬ್ಬರ ಅಲ್ಲಿ ಕೂಡಿರುತ್ತದೆ, ಸಾಯುವ ಬೇರು ಕೊಳೆಯುತ್ತಾ ಅದಕ್ಕೆ ಸೇರುತ್ತದೆ. ಇದನ್ನು ನೋಡಿ 'ಕಡಿದದ್ದೇ ಸರಿಯಾಯಿತು' ಎಂದವರನ್ನು ನಾನು ಕಂಡಿದ್ದೇನೆ. ಕೂಡಿಟ್ಟದ್ದು ಕೆಲವು ಬೆಳೆಗೆ ಮುಗಿಯುತ್ತದೆ, ಆಮೇಲೆ ಬದು ಕುಸಿಯತೊಡಗುತ್ತದೆ. ಕೆಲವು ಜಾತಿಗಳನ್ನು ಕಡಿಯಲು ಅನುಮತಿ ಬೇಕಾಗುತ್ತದೆ ಎಂಬುದನ್ನೂ, ಹಂಚಿಕೊಂಡ ಬದುವಾದರೆ ಪಕ್ಕದ ಹೊಲದವರ ಒಪ್ಪಿಗೆಯನ್ನೂ ಮರೆಯಬೇಡಿ.

ನನ್ನ ಸಲಹೆ ಇಷ್ಟು. ನೀಲಗಿರಿಯನ್ನು ತೆಗೆಯಿರಿ, ಒಂಬತ್ತು ವರ್ಷಕ್ಕೆ ಅದು ಕಟಾವಿಗೆ ಬಂದೇ ಇರುತ್ತದೆ, ನಿಮ್ಮ ಆಳದ ಮಣ್ಣಿನಲ್ಲಿ ಅದನ್ನು ಉಳಿಸಿಕೊಳ್ಳಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಕಡಿದ ಮೋಟುಗಳು ಮತ್ತೆ ಚಿಗುರುತ್ತವೆ, ತಿಂಗಳಿಗೊಮ್ಮೆ ಚಿಗುರನ್ನು ಮುರಿಯುತ್ತಾ ಒಂದೆರಡು ವರ್ಷ ಬೆನ್ನುಹತ್ತಬೇಕು. ಆ ಅಂಚಿನಲ್ಲಿ ಮೊದಲ ವರ್ಷವೇ ಬೆಳೆ ಚೇತರಿಸದಿದ್ದರೆ ಗಾಬರಿಯಾಗಬೇಡಿ, ಬರಿದಾದ ಕೆಳಮಣ್ಣು ಮತ್ತೆ ನೆನೆಯಲು ಎರಡು ಮೂರು ಒಳ್ಳೆಯ ಮಳೆಗಾಲ ಹಿಡಿಯಬಹುದು. ಖಾಲಿಯಾದ ಬದುವಿಗೆ ಸಸಿ ತರುವ ಮೊದಲು ಅಲ್ಲಿ ತಾನಾಗಿ ಹುಟ್ಟಿದ ಗಿಡಗಳನ್ನು ಹುಡುಕಿ. ನೈಜರ್ ದೇಶದಲ್ಲಿ 1980ರ ದಶಕದಿಂದ ಸುಮಾರು 50 ಲಕ್ಷ ಹೆಕ್ಟೇರ್ ಹೊಲಗಳಲ್ಲಿ ಮರ ಮರಳಿ ಬಂದದ್ದು ಹೆಚ್ಚಾಗಿ ಸಸಿ ನೆಟ್ಟಲ್ಲ. ಟೋನಿ ರಿನೌಡೋ ಎಂಬ ಕೃಷಿ ತಜ್ಞರು, ಹೊಲದಲ್ಲಿ ಪೊದೆಗಳಂತೆ ಕಾಣುತ್ತಿದ್ದವು ಹಿಂದೆ ಕಡಿದ ಮರಗಳ ಮೋಟಿನ ಚಿಗುರುಗಳೆಂದು ಗುರುತಿಸಿ, ಒಂದೆರಡು ಗಟ್ಟಿ ಚಿಗುರು ಉಳಿಸಿ ಮಿಕ್ಕದ್ದನ್ನು ಸವರುವ ಪದ್ಧತಿಯನ್ನು ರೈತರೊಂದಿಗೆ ಹರಡಿದರು. ತಾನಾಗಿ ಹುಟ್ಟಿದ ಗಿಡಕ್ಕೆ ನೀರು ಹೊರುವ ಕೆಲಸವೂ ಇಲ್ಲ.

ಹಳೆಯ ಹನ್ನೊಂದನ್ನು ಈ ವರ್ಷ ಕಡಿಯಬೇಡಿ, ಪರೀಕ್ಷೆ ಮಾಡಿ. ಹೆಚ್ಚುಕಡಿಮೆ ಒಂದೇ ಗಾತ್ರದ ನಾಲ್ಕು ಬೇವುಗಳನ್ನು ಆರಿಸಿಕೊಂಡು ಒಂದಕ್ಕೆ ಕೊಂಬೆ ಸವರಿ, ಒಂದಕ್ಕೆ ಹೊಲದ ಕಡೆ ಹಳ್ಳ ತೋಡಿ, ಒಂದರ ಮುಂದಿನ ಗುಂಟೆಗೆ ಎರಡು ಪಾಲು ಗೊಬ್ಬರ ಹಾಕಿ, ನಾಲ್ಕನೆಯದನ್ನು ಇದ್ದಂತೆಯೇ ಬಿಡಿ. ಕೊಯ್ಲಿನಲ್ಲಿ ಪ್ರತಿಯೊಂದರ ಮುಂದೆ, ಕಾಂಡದಿಂದ ಐದು ಮೀಟರ್ ದೂರದಲ್ಲಿ, ಎರಡು ಮೀಟರ್ ಉದ್ದಗಲದ ಚೌಕ ಅಳೆದು ಅದರ ಕಾಳನ್ನು ಬೇರೆಯಾಗಿ ಒಕ್ಕಿ ತೂಗಿ. ಮರವಿಲ್ಲದ ಉತ್ತರದ ಅಂಚಿನಿಂದಲೂ ಬದುವಿನಿಂದ ಅಷ್ಟೇ ದೂರದಲ್ಲಿ ಅಂಥದ್ದೇ ಒಂದು ಚೌಕದ ತೂಕ ತೆಗೆಯಿರಿ. ತೂಗುವಾಗ ಅಣ್ಣನವರನ್ನೂ ಜೊತೆಗೆ ಕರೆಯಿರಿ. ಆ ಐದು ತೂಕಗಳನ್ನು ನನಗೆ ಬರೆದು ಕಳುಹಿಸಿದರೆ, ಉಳಿದ ಮರಗಳಿಗೆ ಮುಂದಿನ ಬಿತ್ತನೆಯೊಳಗೆ ಏನು ಮಾಡಬೇಕೆಂದು ಒಂದೊಂದಾಗಿ ಹೇಳುತ್ತೇನೆ.